ದೇಜಪ್ಪಣ್ಣನ ಸ್ಪ್ರಿಂಗಿನ ಶನಿವಾರ

ಕಳೆದ ವಾರ ನಮ್ಮ ಬ್ಯಾಂಕಿನ ಬೆಳ್ತಂಗಡಿ ಬ್ರಾಂಚಿನಲ್ಲಿ ಒಂದು ಬೀಳ್ಕೊಡುಗೆ. ಹತ್ತು ವರ್ಷ ಬಾಗಿಲ ಬಳಿಯ ಸ್ಟೂಲಿನಲ್ಲಿ ರೈಫಲ್ ಹಿಡಿದು ಕೂತಿದ್ದ ಗಾರ್ಡ್ ದೇಜಪ್ಪಣ್ಣ ನಿವೃತ್ತರಾದರು. ಹಾರ, ಶಾಲು, ಗೋಳಿಬಜೆ, ಭಾಷಣ ಎಲ್ಲ ಆಯಿತು. ಕೊನೆಗೆ ಮ್ಯಾನೇಜರರು ಹೊಸ ಗಾರ್ಡಿನ ಕೈಗೆ ರೈಫಲ್ ಕೊಟ್ಟು ಹೆಡ್ಡಾಫೀಸಿನ ಒಂದು ಸರ್ಕ್ಯುಲರ್ ಓದಿದರು: "ಮ್ಯಾಗಜಿನ್ ಸದಾ ತುಂಬಿರತಕ್ಕದ್ದು. ವರ್ಷಗಟ್ಟಲೆ ತುಂಬಿಟ್ಟರೂ ಸ್ಪ್ರಿಂಗ್ ಕೆಡುವುದಿಲ್ಲವೆಂದು ನಮ್ಮದೇ ಶಾಖೆಯೊಂದರಲ್ಲಿ ಪರೀಕ್ಷೆಯಿಂದ ಸಾಬೀತಾಗಿದೆ."

ದೇಜಪ್ಪಣ್ಣ ನನ್ನ ಮುಖ ನೋಡಿದರು. ನಾನು ಗೋಳಿಬಜೆಯ ಮುಖ ನೋಡಿದೆ.

ಯಾಕೆಂದರೆ ಆ ಶಾಖೆ ನಮ್ಮದೇ. ಆ ಸಾಬೀತು ಸುಳ್ಳು. ಆ ಸುಳ್ಳಿಗೆ ಇಂಗ್ಲಿಷ್ ತೊಡಿಸಿದ ಗುಮಾಸ್ತ ಈ ಅಂಕಣ ಬರೆಯುವ ನಾನೇ.

(ಗೊತ್ತಿಲ್ಲದವರಿಗಾಗಿ: ಮ್ಯಾಗಜಿನ್ ಎಂದರೆ ರೈಫಲಿನ ಹೊಟ್ಟೆಗೆ ಸಿಕ್ಕಿಸುವ ಪುಟ್ಟ ತಗಡಿನ ಡಬ್ಬಿ. ನಮ್ಮದರಲ್ಲಿ ಐದು ಗುಂಡು ಹಿಡಿಯುತ್ತದೆ, ಅಡಿಯಲ್ಲಿ ಒಂದು ಸ್ಪ್ರಿಂಗ್. ಒಂದು ಗುಂಡು ಹೋದ ಕೂಡಲೇ ಸ್ಪ್ರಿಂಗ್ ಇನ್ನೊಂದನ್ನು ಮೇಲಕ್ಕೆ ತಳ್ಳಬೇಕು. ಸ್ಪ್ರಿಂಗ್ ಸೋತರೆ ರೈಫಲ್ ಬರೀ ದೊಣ್ಣೆ.)

ಮೂರು ವರ್ಷದ ಹಿಂದಿನ ಮಾತು. ಹೆಡ್ಡಾಫೀಸಿನಿಂದ ಭದ್ರತೆಯ ಅಧಿಕಾರಿ ಬಂದರು. ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು. ಮೀಸೆಗೂ ಇಸ್ತ್ರಿ ಹಾಕಿದ್ದಾರೋ ಎಂಬಂತಿದ್ದರು.

"ಮ್ಯಾಗಜಿನ್ ಯಾವಾಗಿನಿಂದ ತುಂಬಿದೆ?"

"ಸೇರಿದ ದಿನದಿಂದ ಸರ್. ಏಳು ವರ್ಷ. ಒಂದು ದಿನ ಖಾಲಿ ಇಟ್ಟದ್ದಿಲ್ಲ!" ದೇಜಪ್ಪಣ್ಣ ಎದೆಯುಬ್ಬಿಸಿ ಹೇಳಿದರು.

ಶಹಬ್ಬಾಸ್ ಸಿಗುತ್ತದೆ ಅಂದುಕೊಂಡಿದ್ದರು, ಪಾಪ. ಸಿಕ್ಕಿದ್ದು ಮೆಮೊ. ಏಳು ವರ್ಷ ಅದುಮಿಟ್ಟ ಸ್ಪ್ರಿಂಗ್ ಸತ್ತಿರುತ್ತದೆ, ಇದು ಘೋರ ನಿರ್ಲಕ್ಷ್ಯ, ನಿಮ್ಮನ್ನು ಕೆಲಸದಿಂದ ಯಾಕೆ ತೆಗೆಯಬಾರದು? ಒಂದು ವಾರದೊಳಗೆ ಉತ್ತರಿಸಿ!

ಅಲ್ಲ ಸ್ವಾಮಿ, "ಸದಾ ತುಂಬಿಟ್ಟಿರು" ಎಂದು ಆಗಿನ ಮ್ಯಾನೇಜರರೇ ಹೇಳಿದ್ದಲ್ಲವೇ? ಹೇಳಿದ್ದು ಬಾಯಲ್ಲಿ. ಬಾಯಿಮಾತಿಗೆ ಸಾಕ್ಷಿ ಎಲ್ಲಿಂದ ತರುವುದು? ಊರು ಶಿರ್ತಾಡಿಯಲ್ಲಿ ದೇಜಪ್ಪಣ್ಣನ ಮಗಳು ಆಗಷ್ಟೇ ಟೀಚರ್ ಟ್ರೈನಿಂಗಿಗೆ ಸೇರಿದ್ದಳು. ಮನೆ ನಡೆಯುತ್ತಿದ್ದುದು ಈ ಸ್ಟೂಲಿನ ಮೇಲೆ. "ಉತ್ತರ ನೀವೇ ಬರೆದು ಕೊಡ್ಬೇಕು ರಾಯರೇ" ಎಂದು ಮೆಮೊ ನನ್ನ ಮೇಜಿನ ಮೇಲಿಟ್ಟರು.

ಬರೆಯುವುದೇನೋ ಸರಿ. ಆದರೆ ತುಂಬಿಟ್ಟರೆ ಸ್ಪ್ರಿಂಗ್ ನಿಜಕ್ಕೂ ಸೋಲುತ್ತದೆಯೇ? ತಿಳಿದವರನ್ನೇ ಕೇಳುವ ಎಂದು ಹೊರಟೆ. ಅಲ್ಲಿಂದ ಶುರುವಾಯಿತು ನನ್ನ ತಲೆ ಕೆಡುವ ಕೆಲಸ.

ಮೊದಲು ಮೂಡುಬಿದಿರೆಯಲ್ಲಿ ನಮ್ಮ ಬೀದಿಯ ವಾಚು ರಿಪೇರಿಯ ಕಾಮತರು. ಕಣ್ಣಿಗೆ ಸಿಕ್ಕಿಸಿದ ಗಾಜು ತೆಗೆಯದೆಯೇ ಹೇಳಿದರು: "ಸುಮ್ಮನೆ ಅದುಮಿ ಇಟ್ಟರೆ ಎಂತದೂ ಆಗುವುದಿಲ್ಲ. ದಿನಾ ಕೀ ಕೊಟ್ಟು, ಬಿಚ್ಚಿ, ಪುನಃ ಕೀ ಕೊಟ್ಟು ಮಾಡ್ತೀರಲ್ಲ, ಅದರಿಂದ ಸ್ಪ್ರಿಂಗ್ ಹೋಗುವುದು."

ಬದುಕಿದೆ ಎಂದುಕೊಂಡೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಬುದ್ಧಿ ಕೇಳಬೇಕಲ್ಲ! ಮರುದಿನ ಬೇರೆ ಕೆಲಸಕ್ಕೆ ಬಂಟ್ವಾಳಕ್ಕೆ ಹೋದವನು ಬಸ್ ಗ್ಯಾರೇಜಿನ ಮೋನು ಬ್ಯಾರಿಯನ್ನೂ ಕೇಳಿದೆ. ಅವರು ಒಂದು ಬಸ್ಸಿನಡಿಯಿಂದ ತಲೆ ಹೊರಗೆ ಹಾಕಿ, "ಈ ಸ್ಪ್ರಿಂಗ್ ಪ್ಲೇಟು ನೋಡಿ. ಯಾವಾಗಲೂ ಲೋಡು, ಯಾವಾಗಲೂ ಲೋಡು. ಸೊಂಟ ಬಗ್ಗಿ ಹೋಗಿದೆ. ಕಬ್ಬಿಣ ಆದ್ರೂ ರೆಸ್ಟ್ ಬೇಡವಾ ಮಾರಾಯ್ರೇ?" ಎಂದು ಕೇಳಿ ಪುನಃ ಒಳಗೆ ಹೋದರು.

ಮನೆಯಲ್ಲಿ ಅಮ್ಮನ ತೀರ್ಪು ಬೇರೆ. "ಅಟ್ಟದ ಇಲಿಬೋನು ಎರಡು ವರ್ಷ ಎಳೆದಿಟ್ಟ ಹಾಗೇ ಇತ್ತು. ಮೊನ್ನೆ ಇಲಿ ಬಂತು, ಟಪ್ ಅಂತ ಬಿತ್ತು. ಅದಕ್ಕೆ ಯಾರು ರೆಸ್ಟ್ ಕೊಟ್ಟದ್ದು?"

ಇಬ್ಬರು ಒಂದು ಕಡೆ, ಒಬ್ಬರು ಒಂದು ಕಡೆ. ಬಹುಮತ ನಮ್ಮದೇ! ಸೋಮವಾರ ಬೆಳಿಗ್ಗೆ ಉತ್ಸಾಹದಿಂದ ಹೋಗಿ, "ದೇಜಪ್ಪಣ್ಣ, ಹೆದರಬೇಡಿ. ತುಂಬಿಟ್ಟರೆ ಏನೂ ಆಗುವುದಿಲ್ಲ. ಆಗಾಗ ಬಿಚ್ಚಿ ತುಂಬಿಸಿದರೆ ಮಾತ್ರ ತೊಂದರೆಯಂತೆ" ಎಂದೆ.

ಅವರು ನನ್ನನ್ನು ಸ್ಟೇಷನರಿ ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದರು.

"ರಾಯರೇ, ನಾನು ಸುಳ್ಳು ಹೇಳಿದ್ದು. ಮಿಲಿಟ್ರಿಯಲ್ಲಿ ಟ್ರೈನಿಂಗ್ ಕೊಟ್ಟ ನಮ್ಮ ಉಸ್ತಾದ್ ಹೇಳಿದ್ದ, ಸ್ಪ್ರಿಂಗಿಗೆ ವಾರಕ್ಕೊಮ್ಮೆ ರೆಸ್ಟ್ ಕೊಡ್ಬೇಕು ಅಂತ. ಶನಿವಾರ ಮಧ್ಯಾಹ್ನ ನೀವೆಲ್ಲ ಹೋದ ಮೇಲೆ ಗುಂಡು ತೆಗೆದು ಕಿಸೆಗೆ ಹಾಕ್ತೇನೆ. ಸೋಮವಾರ ಬೆಳಿಗ್ಗೆ ತುಂಬಿಸ್ತೇನೆ. ಏಳು ವರ್ಷ ಒಂದು ವಾರ ತಪ್ಪಿಸಿದ್ದಿಲ್ಲ."

"ಅಂದರೆ ಶನಿವಾರ, ಭಾನುವಾರ ರೈಫಲ್ ಖಾಲಿಯಾ?"

"ಖಾಲಿ."

"ಕಳ್ಳ ಬಂದರೆ?"

"ಕಳ್ಳನಿಗೆ ಗೊತ್ತುಂಟಾ ರಾಯರೇ?"

ಮೆಮೊಗೆ ಏನಂತ ಬರೆಯಲಿ? ಅತ್ತ ದರಿ, ಇತ್ತ ಪುಲಿ. ತುಂಬಿಟ್ಟಿದ್ದೆ ಎಂದರೆ ಸ್ಪ್ರಿಂಗ್ ಕೆಡಿಸಿದ ತಪ್ಪು. ಖಾಲಿ ಮಾಡಿದ್ದೆ ಎಂದರೆ ಬ್ಯಾಂಕನ್ನು ಬರಿಗೈಯಲ್ಲಿ ಕಾದ ತಪ್ಪು, ಮೇಲಿಂದ ಸುಳ್ಳು ಬೇರೆ. ಇನ್ನು ಕಾಮತರ ಮಾತು ನಿಜವಾದರೆ, ರೆಸ್ಟ್ ಕೊಟ್ಟು ಕೊಟ್ಟೇ ಸ್ಪ್ರಿಂಗ್ ಸತ್ತಿರಬೇಕು!

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಒಂದು ಉತ್ತರ ಬರೆದೆ. ಏಳು ವರ್ಷ ತುಂಬಿದ್ದು ನಿಜ, ಸ್ಪ್ರಿಂಗ್ ಕೆಟ್ಟಿದೆಯೋ ಇಲ್ಲವೋ ದಯವಿಟ್ಟು ಪರೀಕ್ಷಿಸಿ ನೋಡುವುದು. (ಮೊದಲ ಅರ್ಧ ಸುಳ್ಳು, ಎರಡನೆಯ ಅರ್ಧ ಹೆದರಿಕೆ.)

ಕ್ಯಾಪ್ಟನ್ ಬಂದೇಬಿಟ್ಟರು. ಪೊಲೀಸರಿಗೆ ತಿಳಿಸಿ, ಬಂಟ್ವಾಳದಾಚೆಯ ಕೆಂಪುಕಲ್ಲಿನ ಹಳೇ ಕೋರೆಯಲ್ಲಿ ಪರೀಕ್ಷೆ: ಐದು ಗುಂಡನ್ನೂ ಹಾರಿಸಿ ನೋಡುವುದು. ದೇಜಪ್ಪಣ್ಣನ ತುಟಿ ಅಲುಗುತ್ತಿತ್ತು, ಊರಿನ ದೈವಗಳನ್ನೆಲ್ಲ ಕರೆಯುತ್ತಿದ್ದರೋ ಏನೋ. ಒಂದು. ಎರಡು. ಮೂರು. ನಾಲ್ಕು. ಸೋತ ಸ್ಪ್ರಿಂಗ್ ಕೈಕೊಡುವುದು ಕೊನೆಯ ಗುಂಡಿಗೇ ಅಂತೆ. ನಾನು ಕಣ್ಣು ಮುಚ್ಚಿದೆ.

ಐದು!

ಕ್ಯಾಪ್ಟನ್ ದೇಜಪ್ಪಣ್ಣನ ಬೆನ್ನು ತಟ್ಟಿದರು. ಮೆಮೊ ರದ್ದಾಯಿತು. ನನಗೆ ಹೋದ ಜೀವ ಬಂದಂತಾಯಿತು. ಹದಿನೈದು ದಿನದಲ್ಲಿ ಎಲ್ಲ ಶಾಖೆಗೂ ಆ ಸರ್ಕ್ಯುಲರ್ ಹೋಯಿತು: ಏಳು ವರ್ಷ ತುಂಬಿಟ್ಟರೂ ಏನೂ ಆಗಿಲ್ಲ, ಆದ್ದರಿಂದ ಸದಾ ತುಂಬಿಡಿ.

ಆ ದಿನದಿಂದ ದೇಜಪ್ಪಣ್ಣನಿಗೆ ನೆಮ್ಮದಿಯಿಲ್ಲ. "ಬೇರೆ ಬ್ರಾಂಚಿನ ಗಾರ್ಡುಗಳು ಇನ್ನು ರೆಸ್ಟ್ ಕೊಡುವುದಿಲ್ಲ ರಾಯರೇ. ಬೇಕಾದ ದಿವಸ ಒಬ್ಬನಿಗೆ ಗುಂಡು ಮೇಲೆ ಬರದಿದ್ದರೆ? ನನ್ನ ಬಾಯಿಂದ ಹೊರಟ ಸುಳ್ಳಲ್ವಾ ಅದು?"

"ಕಾಮತರು ಹೇಳಿದ್ದೇ ಸರಿ ಇರಬಹುದು, ದೇಜಪ್ಪಣ್ಣ."

"ಇಲ್ಲದಿದ್ದರೆ?"

 ಯಾರ ಮಾತು ಸರಿಯೋ ಇವತ್ತಿಗೂ ಗೊತ್ತಿಲ್ಲ. ನಿಜ ಹೇಳಿದರೆ ಅವರ ಕೆಲಸಕ್ಕೆ ಕುತ್ತು, ಹೇಳದಿದ್ದರೆ ಯಾರದೋ ಜೀವಕ್ಕೆ ಕುತ್ತು. ಮೂರು ವರ್ಷ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದೆವು. ಅವರಿಗಾದರೂ ಮಗಳ ಚಿಂತೆಯಿತ್ತು. ನನಗೆ ಇದ್ದದ್ದು ಹೇಡಿತನ ಮಾತ್ರ.

ಬೀಳ್ಕೊಡುಗೆ ಮುಗಿದ ಮೇಲೆ ದೇಜಪ್ಪಣ್ಣ ಹೊಸ ಗಾರ್ಡನ್ನು ಮೂಲೆಗೆ ಕರೆದು ತುಳುವಿನಲ್ಲಿ ಏನೋ ಪಿಸುಗುಟ್ಟಿದರು. ಆತ ತಲೆಯಾಡಿಸಿದ. ಏನೆಂದು ನಾನು ಕೇಳಲಿಲ್ಲ. ಅವತ್ತು ಶುಕ್ರವಾರ ಎಂಬುದಷ್ಟೇ ನನಗೆ ಗೊತ್ತು.

ಆಮೇಲೆ ಶಾಲು ಮಡಚಿ ಕಂಕುಳಿಗೆ ಸಿಕ್ಕಿಸಿ ನನ್ನ ಬಳಿ ಬಂದರು. "ಮಗಳಿಗೆ ಕೆಲಸ ಆಯ್ತು. ನಂದು ಮುಗೀತು. ಇನ್ನು ಬರೆಯಿರಿ ರಾಯರೇ. ಉಳಿದ ಗಾರ್ಡುಗಳು ನಿಮ್ಮ ಅಂಕಣ ಓದ್ತಾರೆ. ಸ್ಟೂಲಿನಲ್ಲಿ ಕೂತವನಿಗೆ ಬೇರೆ ಕೆಲಸ ಎಂತ ಉಂಟು?"

ಬರೆದಿದ್ದೇನೆ. ನನಗೂ ಒಂದು ಮೆಮೊ ಬರಬಹುದು. ಬರಲಿ, ಅದಕ್ಕೆ ಉತ್ತರ ಬರೆದು ಅಭ್ಯಾಸವಿದೆ. ನನ್ನ ಈಗಿನ ಚಿಂತೆ ಒಂದೇ.

ಗಾರ್ಡುಗಳು ಓದುವ ಅಂಕಣವನ್ನು ಕಳ್ಳರೂ ಓದುತ್ತಾರಲ್ಲ, ದೇಜಪ್ಪಣ್ಣ?