ನೀರಿಗೆ ಹಾಕಿದ ಕೀಲಿ

ಹೈದರಾಬಾದಿನಲ್ಲಿ ಶಾಲುಬಾಯಿಗೆ ಇಲಿ ಸಾಕುವ ನೌಕರಿ ಸಿಕ್ಕಿದೆ ಎಂಬ ಸುದ್ದಿ ಮೆಹಕರಕ್ಕೆ ಬಂದಾಗ ನಗದೆ ಇದ್ದವರು ಯಾರೂ ಇಲ್ಲ. ಕಾಳು ತಿನ್ನುವ ಇಲಿಗೆ ಪಾಷಾಣ ಇಡುವ ಊರು ಅದು. “ನಮಗ ಕುಡಿಯಾಕ ನೀರಿಲ್ಲ, ಇಲಿಗೋಳಿಗಿ ಫಿಲ್ಟರ್ ನೀರಂತ!” ಎಂದು ಕಟ್ಟೆಯ ಮೇಲೆ ಕುಳಿತವರು ಆಡಿಕೊಂಡರು. ಆಡಿಕೊಳ್ಳುವುದು ಬಿಟ್ಟರೆ ಅವರಿಗೆ ಬೇರೆ ಕೆಲಸವೂ ಇರಲಿಲ್ಲ ಬಿಡಿ. ಲಾತೂರಿಗೆ ರೈಲಿನಲ್ಲಿ ನೀರು ತಂದ ವರ್ಷ ಅದು. ಭಾಲ್ಕಿ ಕಡೆಯ ಬಾವಿಗಳೆಲ್ಲ ತಳ ತೋರಿಸಿದ್ದವು. ಕೈಕಾಲು ಗಟ್ಟಿ ಇದ್ದವರು ಹೈದರಾಬಾದ್, ಪುಣೆ ಎಂದು ಬಸ್ಸು ಹತ್ತಿದ್ದರು.

ಶಾಲುಬಾಯಿಯ ಗಂಡ ಮಾಣಿಕ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದ. ಹತ್ತನೆಯ ತರಗತಿ ಪಾಸಾಗಿದ್ದ ಇವಳಿಗೆ ಒಂದು ಸಂಶೋಧನಾ ಕೇಂದ್ರದ ಪ್ರಾಣಿಮನೆಯಲ್ಲಿ ಕೆಲಸ ಸಿಕ್ಕಿತು. ಮಗಳು ಪ್ರಜ್ಞಾಳ ಶಾಲೆ ಬಿಡಿಸಬಾರದೆಂದು ಅವಳನ್ನು ಊರಿನಲ್ಲಿಯೇ ಸುಭದ್ರಾಬಾಯಿಯ ಹತ್ತಿರ ಬಿಟ್ಟರು. ಸುಭದ್ರಾಬಾಯಿ ಬೇರೆ ಯಾರೂ ಅಲ್ಲ, ಶಾಲುಬಾಯಿಯ ಒಡಹುಟ್ಟಿದ ಅಕ್ಕ. ಔರಾದ ಕಡೆಯ ಸಂತಪುರದಿಂದ ಇಬ್ಬರೂ ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದವರು. ಅಕ್ಕನಿಗೆ ಮಕ್ಕಳಿರಲಿಲ್ಲ, ಗಂಡನೂ ತೀರಿಹೋಗಿದ್ದ. ಪ್ರಜ್ಞಾಳನ್ನು ಎತ್ತಿ ಆಡಿಸಿದವಳೇ ಅವಳು. ಅಂಥವಳ ಕೈಗೆ ಮಗಳನ್ನು ಒಪ್ಪಿಸುವಾಗ ಶಾಲುಬಾಯಿಗೆ ಎಳ್ಳಷ್ಟೂ ಅಳುಕು ಇರಲಿಲ್ಲ.

ಪ್ರಾಣಿಮನೆಯ ಇಲಿಗಳು ಹೊಲದ ಇಲಿಗಳಂತಲ್ಲ. ಬಿಳಿಯವು, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣವು, ಸಕ್ಕರೆ ಕಾಯಿಲೆ ಬರಲೆಂದೇ ಬೆಳೆಸಿದ ತಳಿ. ಆ ವಂಶಕ್ಕೆ ಮನುಷ್ಯರ ಜೀನ್ ಒಂದನ್ನು ಸೇರಿಸಿದ್ದರು. ಅದು ಇಳಿದು ಬಂದ ಮರಿಗಳಿಗೆ ಒಂದು ಸಾಲು, ಬಾರದ ಮರಿಗಳಿಗೆ ಇನ್ನೊಂದು ಸಾಲು. ಯಾವ ಸಾಲಿಗೆ ಕಾಯಿಲೆ ಬೇಗ ಬರುತ್ತದೆಂದು ನೋಡುವುದೇ ಅಲ್ಲಿನವರ ಧ್ಯಾನ. ಅವುಗಳ ಮೇಲೆ ಕೆಲಸ ಮಾಡುತ್ತಿದ್ದ ಡಾಕ್ಟರ್ ಕುಬರಾ ಬೀದರಿನ ಹುಡುಗಿ. ಒಮ್ಮೆ ಅವಳೇ ಬಿಡಿಸಿ ಹೇಳಿದಳು: “ಇದು ವಯಸ್ಸಾದವರಿಗಿ ಬರೋ ಶುಗರ್ ಅಲ್ರಿ ಶಾಲುಬಾಯಿ. ಹೆಚ್ಚಾಗಿ ಸಣ್ಣ ಹುಡುಗರಿಗಿ ಬರ್ತದ. ಮೈ ಕಾಯೋ ಕಣಗೋಳೇ ಇನ್ಸುಲಿನ್ ಮಾಡೋ ಕಣಗೋಳಿಗಿ ವೈರಿ ಅಂತ ತಿಳಕೊಂಡು ಕೊಲ್ತಾವ. ಬೇಲಿನೇ ಎದ್ದು ಹೊಲ ಮೇಯ್ದಂಗ ನೋಡ್ರಿ.”

ಕಾಯಿಲೆ ಬಿದ್ದ ಇಲಿ ಬಾಟಲಿಯ ನೀರನ್ನೆಲ್ಲ ಕುಡಿಯುತ್ತದೆ, ಕುಡಿದಷ್ಟೂ ಉಚ್ಚೆ ಹೊಯ್ಯುತ್ತದೆ, ತಿಂದರೂ ಒಣಗುತ್ತದೆ. ಬೆಳಿಗ್ಗೆ ಪಂಜರದೊಳಗಿನ ಹೊಟ್ಟು ಒದ್ದೆಯಾಗಿತ್ತೆಂದರೆ ಶಾಲುಬಾಯಿ ಅದಕ್ಕೆ ಕೆಂಪು ಚೀಟಿ ಸಿಕ್ಕಿಸಿ ಕುಬರಾಳನ್ನು ಕರೆಯಬೇಕು. ಒಂದನ್ನೂ ಅವಳು ತಪ್ಪಿಸುತ್ತಿರಲಿಲ್ಲ.

ರವಿವಾರಕ್ಕೊಮ್ಮೆ ಅಕ್ಕನಿಗೆ ಫೋನು. ಬೇಸಿಗೆ ಬಲಿಯುತ್ತಿದ್ದಂತೆ ಒಂದು ರವಿವಾರ ಅಕ್ಕ ಅಂದಳು: “ನಿನ ಮಗಳು ನೀರ್ ಭಾಳ ಕುಡೀತಾಳವ್ವ. ಟ್ಯಾಂಕರ್ ಬಂದ್ರ ಬಂತು, ಇಲ್ಲಂದ್ರ ಇಲ್ಲ. ನಿನ್ನಿ ಬಾಜೂ ಮನಿ ಕೊಡಕ್ಕ ಕೈ ಹಾಕ್ಯಾಳ. ಅವರು ನೀರುಗಳ್ಳಿ ಅಂದ್ರು.”

ಶಾಲುಬಾಯಿಗೆ ಮೈಯೆಲ್ಲ ಉರಿದುಹೋಯಿತು. ಅವಳ ಅಜ್ಜಿ ಊರ ಬಾವಿ ಮುಟ್ಟುವಂತಿರಲಿಲ್ಲ. ಮೇಲಿನಿಂದ ಯಾರಾದರೂ ಸುರಿದರೆ ಬೊಗಸೆಯೊಡ್ಡಿ ಕುಡಿಯಬೇಕಿತ್ತು. ಆ ಕಾಲ ದಾಟಿ, ಬುದ್ಧ ವಂದನೆ ಹೇಳುತ್ತ, ಮಕ್ಕಳನ್ನು ಓದಿಸುತ್ತ ತಲೆಯೆತ್ತಿದ ಮನೆತನ. ಈಗ ಮಗಳು ಇನ್ನೊಬ್ಬರ ಕೊಡಕ್ಕೆ ಕೈಹಾಕಿ ಮಾತು ತರುವುದೇ?

“ಪ್ರಜ್ಞಾಗ ಕೊಡು ಫೋನು,” ಎಂದವಳು ಹುಡುಗಿಯನ್ನು ಹಿಗ್ಗಾಮುಗ್ಗಾ ಬೈದಳು. “ಮಂದಿ ನೀರಿಗಿ ಕೈ ಹಾಕ್ತೀ? ಮಾನ ಕಳೀತೀ?” ಹುಡುಗಿ “ಇಲ್ಲವ್ವ, ಇಲ್ಲ” ಎಂದಳು. ಅಕ್ಕನಿಗೆ ಶಾಲುಬಾಯಿ ಹೇಳಿದ್ದು ಒಂದೇ ಮಾತು: “ನೀರಿಟ್ಟ ಖೋಲಿ ಬಾಗಲಕ್ಕ ಕೀಲಿ ಹಾಕು.”

ದಿನವೂ ಒದ್ದೆ ಹೊಟ್ಟು ಎತ್ತುವ ಕೈ, ಆದರೂ ಹೊಳೆಯಲಿಲ್ಲ. ಬರಗಾಲದಲ್ಲಿ ಬಾಯಾರದವರು ಯಾರಿದ್ದಾರೆ? ಮುಂದೆ ಪ್ರತಿ ರವಿವಾರ ಅಕ್ಕ “ಚಲೋ ಅದಾಳ” ಎನ್ನುವಳು. ಹುಡುಗಿಯೂ “ಚಲೋ ಅದೀನಿ ಅವ್ವ” ಎನ್ನುವಳು. ಶಾಲುಬಾಯಿ ನೆಮ್ಮದಿಯಿಂದ ಫೋನು ಇಡುವಳು.

ಹೀಗಿರುವಾಗ ಊರಿನ ಅವರದೇ ಓಣಿಯ ಅಂಬೂಬಾಯಿ ಕೂಲಿ ಹುಡುಕಿಕೊಂಡು ಹೈದರಾಬಾದಿಗೆ ಬಂದಳು. ಶಾಲುಬಾಯಿಯ ಜೋಪಡಿಯಲ್ಲಿ ಚಹಾ ಕುಡಿಯುತ್ತ ನಗುನಗುತ್ತಲೇ ಅಂದಳು: “ನಿನ ಮಗಳು ಇಷ್ಟ ದೊಡ್ಡಾಕಿ ಆಗಿ ದಿನಾ ಹಾಸಿಗಿ ತೋಯಿಸ್ತಾಳಲ್ಲವ್ವ! ನಿಮ್ಮಕ್ಕ ಮಂದಿ ಏಳೋದ್ರೊಳಗ ಕೌದಿ ಒಗದು ಹಾಕ್ತಾಳ. ಹುಡುಗಿ ಎಲುಬು ಎಣಸ್ಬಹುದು ನೋಡು.”

ಶಾಲುಬಾಯಿಗೆ ಒದ್ದೆ ಹೊಟ್ಟು, ಕೆಂಪು ಚೀಟಿ ಕಣ್ಣ ಮುಂದೆ ಬಂದವು. ಕೂಡಲೇ ಅಕ್ಕನಿಗೆ ಫೋನು ಹಚ್ಚಿದಳು. “ಅಕ್ಕಾ, ಪ್ರಜ್ಞಾಗ ಈಗಿಂದೀಗ ಭಾಲ್ಕಿ ದವಾಖಾನಿಗಿ ಒಯ್ಯಿ.”

“ಯಾಕ? ಏನಾಗ್ಯಾದ? ಚಲೋ ಅದಾಳ.”

“ಫೋನ್ ಕೊಡು ಆಕಿಗಿ.”

“ಮಲಗ್ಯಾಳ.”

ನಡುಮಧ್ಯಾಹ್ನ ಮಲಗುವ ಹುಡುಗಿಯಲ್ಲ ಅದು. ಶಾಲುಬಾಯಿ ಕುಬರಾಳಿಗೆ ಫೋನಿನಲ್ಲಿ ವಿಷಯ ಹೇಳಿದಳು. “ಬಸ್ ಹತ್ತ್ರಿ,” ಎಂದಳು ಕುಬರಾ, “ಯಾವ ಡಾಕ್ಟರ್ ಸಿಕ್ರೂ ಮೊದಲ ಶುಗರ್ ನೋಡ್ರಿ ಅಂತ ಹೇಳ್ರಿ.”

ಮಾಣಿಕನೊಡನೆ ಮೆಹಕರ ಮುಟ್ಟಿದಾಗ ಹುಡುಗಿ ಚಾಪೆಯ ಮೇಲೆ ಬಿದ್ದಿತ್ತು. ತುಟಿ ಒಡೆದಿತ್ತು, ಏದುಸಿರು ಬಿಡುತ್ತಿತ್ತು, ಬಾಯಿಂದ ಕೊಳೆತ ಹಣ್ಣಿನ ವಾಸನೆ. ನೀರಿಟ್ಟ ಕೋಣೆಗೆ ಕೀಲಿ ಹಾಕಿಯೇ ಇತ್ತು. ಜೀಪು ಹಿಡಿದು ಭಾಲ್ಕಿಗೆ, ಅಲ್ಲಿಂದ ಬೀದರಿಗೆ. ಅಳೆಯುವ ಯಂತ್ರದಲ್ಲಿ ಅಂಕಿಯೇ ಬರಲಿಲ್ಲ. ಅದರ ಮಿತಿಗಿಂತ ಸಕ್ಕರೆ ಮೇಲೆ ಹೋಗಿತ್ತು. ಸಲಾಯಿನ್, ಇನ್ಸುಲಿನ್ ಹಚ್ಚಿದ ಡಾಕ್ಟರು, ಒಂದು ದಿನ ತಡವಾಗಿದ್ದರೆ ಹುಡುಗಿ ಸಿಗುತ್ತಿರಲಿಲ್ಲ ಎಂದರು.

ಅಕ್ಕ ಹಿಂದೆಯೇ ಬಂದಿದ್ದಳು. ವಾರ್ಡಿನ ಹೊರಗೆ ಶಾಲುಬಾಯಿ ಅವಳ ಎರಡೂ ತೋಳು ಹಿಡಿದು ಅಲುಗಾಡಿಸಿದಳು.

“ಒಬ್ಬ ತಾಯಿ ಹೊಟ್ಟ್ಯಾಗ ಹುಟ್ಟೀವಿ ನಾವು. ಹಾಸಿಗಿ ತೋಯಿಸ್ತಾಳ ಅಂತ ಒಂದ್ ಮಾತ ಹೇಳಿದ್ರ ನನಗ ತಿಳೀತಿತ್ತು. ಯಾಕ ಮುಚ್ಚಿಟ್ಟಿ?”

“ಹೇಳಿದ್ರ ನೀ ಕರಕೊಂಡು ಹೋಗ್ತಿದ್ದಿ,” ಎಂದಳು ಸುಭದ್ರಾಬಾಯಿ. “ಆಮ್ಯಾಲ ನನಗ ಯಾರ ಅದಾರ? ನನ್ನ ಜಳಕದ ನೀರಿನ್ಯಾಗ ಕೌದಿ ಒಗದೀನಿ. ನಾಳಿ ನಿಲ್ತದ, ನಾಡದು ನಿಲ್ತದ ಅಂದ್ಕೊಂಡೆ.”

“ಇದು ಮಮತಿ ಅಲ್ಲ ಅಕ್ಕಾ, ಘಾತ.”

ಅಕ್ಕ ತೋಳು ಬಿಡಿಸಿಕೊಂಡಳು. “ಕೀಲಿ ಹಾಕು ಅಂದಾಕಿ ಯಾರು? ರಾತ್ರಿ ಎದ್ದು ಬಾಗಲಾ ಬಡೀತಿತ್ತು ಕೂಸು. ನನ್ನ ಮಾತಿಗಿ ಸುಮ್ಮ ಆಗ್ತಿರಲಿಲ್ಲ. ಅವ್ವಗ ಹೇಳ್ತೀನಿ ಅಂದ್ರ ಅಷ್ಟೇ, ತಟ್ಟನ ಬಂದು ಮಲಗ್ತಿತ್ತು.”

ಶಾಲುಬಾಯಿ ವಾರ್ಡಿನೊಳಗೆ ಹೋಗಿ ಮಗಳ ಮಂಚದ ಪಕ್ಕ ಕುಳಿತಳು. ಅಕ್ಕ ಬೆನ್ನಿಗೆ ಇರಿದಳೆಂಬ ಸಿಟ್ಟು ಒಂದಿಷ್ಟೂ ಕಡಿಮೆಯಾಗಲಿಲ್ಲ, ಆದರೆ ಕೀಲಿ ಹಾಕಿಸಿದವಳು ತಾನೇ.

ಮರುದಿನ ಬೆಳಿಗ್ಗೆ ಪ್ರಜ್ಞಾ ಕಣ್ಣು ಬಿಟ್ಟಳು. ಮಂಚದ ಒಂದು ಕಡೆ ಅವ್ವ, ಇನ್ನೊಂದು ಕಡೆ ದೊಡ್ಡವ್ವ. ಹುಡುಗಿ ಇಬ್ಬರ ಮುಖವನ್ನೂ ನೋಡಿತು, ಏನೂ ಕೇಳಲಿಲ್ಲ. ಆಗ ಸಲಾಯಿನ್ ಬದಲಿಸಲು ನರ್ಸ್ ಬಂದಳು. ಹೆಸರೂ ಗೊತ್ತಿಲ್ಲದ ಆ ಹೆಂಗಸಿಗೆ ಹುಡುಗಿ ಒಣಗಿದ ದನಿಯಲ್ಲಿ ಕೇಳಿತು:

“ಸಿಸ್ಟರ್, ನಾ ನೀರ್ ಕುಡೀಲೇನ್ರಿ?”

“ಕುಡಿಯವ್ವ, ಸಾವಕಾಶ ಕುಡಿ.”

ಶಾಲುಬಾಯಿ ಗಡಬಡಿಸಿ ಲೋಟ ತುಂಬಿ ಮಗಳ ತುಟಿಗೆ ಹಿಡಿದಳು. ಹುಡುಗಿ ಬಾಯಿ ತೆರೆಯಲಿಲ್ಲ. ನರ್ಸ್ ಆ ಲೋಟವನ್ನು ತನ್ನ ಕೈಗೆ ತೆಗೆದುಕೊಳ್ಳುವ ತನಕ ಆ ನರ್ಸಿನ ಮುಖವನ್ನೇ ನೋಡುತ್ತಿತ್ತು.