ಪರೇಲಿನ ಆಸ್ಪತ್ರೆಯಲ್ಲಿ ನನ್ನನ್ನು ಕರೆದ ದನಿ

ಕಣ್ಣಿಗೆ ಕಾಣದ್ದನ್ನು ನಾನು ನಂಬಿದವಳಲ್ಲ. ನಮ್ಮ ಚಾಳಿನ ಹೆಂಗಸರು ಸಂಜೆ ನಲ್ಲಿಯ ಹತ್ತಿರ ಕೂತು ಮೈಮೇಲೆ ಬರುವುದರ, ಸತ್ತವರು ಕನಸಿನಲ್ಲಿ ಬಂದು ಮಾತಾಡುವುದರ ಸುದ್ದಿ ಹೇಳುತ್ತಿದ್ದರೆ ಕೊಡ ತುಂಬಿಸಿಕೊಂಡು ನಗುತ್ತಲೇ ಎದ್ದು ಬರುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಹೇಳಹೊರಟಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಐವತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಅವ್ವ ತೀರಿಕೊಂಡ ಮೇಲೆ ಅಣ್ಣ ನನ್ನನ್ನು ಮುಂಬಯಿಗೆ ಕರೆತಂದು ಘಾಟ್ಕೋಪರಿನ ತನ್ನ ಎರಡು ಕೋಣೆಯ ಮನೆಯಲ್ಲಿ ಇಟ್ಟುಕೊಂಡಿದ್ದ. ಪರೇಲಿನ ಒಂದು ಆಸ್ಪತ್ರೆಯಲ್ಲಿ ನರ್ಸುಗಳ ಕೈಕೆಳಗೆ ದುಡಿಯುವ ಸಹಾಯಕಿಯರ ತರಬೇತಿಗೆ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆಂದು ಅವನೇ ಕೇಳಿಕೊಂಡು ಬಂದ. ಅವನ ಹೆಂಡತಿ, ನಮ್ಮ ವೈನಿಗೆ, ಅದು ಸೇರಲಿಲ್ಲ. "ಮಂದಿ ಮೈ ತೊಳ್ಯೂ ಕೆಲಸಕ್ಕ ಹಚ್ಚತೀರೇನ್ರಿ ಹುಡುಗೀನ್ನ? ನಾಳೆ ಯಾರ ಮಾಡ್ಕೋತಾರ ಈಕೀನ್ನ?" ಎಂದು ಅಣ್ಣನಿಗೆ ಅಡ್ಡ ಮಾತಾಡಿದಳು. ತರಬೇತಿ ಮುಗಿಸಿ ಸರ್ಟಿಫಿಕೇಟು ತಂದರೆ ಇಲ್ಲಿಯೇ ನೌಕರಿ, ಇಲ್ಲದಿದ್ದರೆ ಸೋದರಮಾವ ನೋಡಿಟ್ಟ ಎರಡನೆಯ ಸಂಬಂಧದ ವರ. ನನ್ನ ಮುಂದೆ ಇದ್ದದ್ದು ಇವೆರಡೇ.

ಕೆಲಸ ಕಷ್ಟವೆನಿಸಲಿಲ್ಲ. ರೋಗಿ ಮಲಗಿದ್ದಂತೆಯೇ ಹಾಸಿಗೆಯ ಚಾದರ ಬದಲಿಸುವುದು, ಮೈ ಒರೆಸುವುದು, ಬೆನ್ನಿಗೆ ಹುಣ್ಣಾಗದಂತೆ ಹೊರಳಿಸುವುದು, ನಾಡಿ ಹಿಡಿದು ಎಣಿಸುವುದು, ಎಲ್ಲ ಬೇಗ ಕೈಗೆ ಹತ್ತಿತು. ಆದರೆ ಒಂದು ಕಡೆ ಸುಮ್ಮನೆ ಕೂರುವುದು ನನ್ನ ರಕ್ತದಲ್ಲಿಯೇ ಇರಲಿಲ್ಲ. ಒಬ್ಬರಿಗೆ ಗಂಜಿ ಕುಡಿಸುವಾಗ ಇನ್ನೊಬ್ಬರು ನರಳಿದರೆ ಬಟ್ಟಲು ಬಿಟ್ಟು ಅತ್ತ ಓಡುತ್ತಿದ್ದೆ. ವಾರ್ಡಿನ ಮುಖ್ಯಸ್ಥೆ ಸಿಸ್ಟರ್ ಸೆಲಿನ್ ಮಂಗಳೂರಿನ ಕಡೆಯವರು. ಹಿಂದಿನ ದಿನವಷ್ಟೇ ಎಲ್ಲರೆದುರು ನಿಲ್ಲಿಸಿ ಹೇಳಿದ್ದರು: "ನಿನ್ನ ಕಾಲಿಗೆ ಚಕ್ರ ಉಂಟಾ? ಕೂತುಕೊಳ್ಳಲಿಕ್ಕೆ ಬಾರದವಳು ಈ ಕೆಲಸಕ್ಕೆ ಆಗುದಿಲ್ಲ ಮಾರಾಯ್ತಿ. ಇನ್ನೊಮ್ಮೆ ಹೇಳಿದ ಜಾಗ ಬಿಟ್ಟು ಎದ್ದರೆ ಮನೆಗೆ ಹೋಗು, ತಿರುಗಿ ಬರುವುದು ಬೇಡ."

ಮರುದಿನ ಮಧ್ಯಾಹ್ನ ನನ್ನನ್ನು ಒಬ್ಬ ಮುದುಕಿಯ ಹತ್ತಿರ ಕೂರಿಸಿದರು. ಜ್ವರದ ಭ್ರಮೆಯಲ್ಲಿ ಆಕೆ ಸಲೈನಿನ ಸೂಜಿ ಕಿತ್ತುಕೊಳ್ಳುತ್ತಿದ್ದಳು. ಕೈ ಹಿಡಿದು ಕೂರುವುದೊಂದೇ ನನ್ನ ಕೆಲಸ. ಸಿಸ್ಟರ್ ಕೆಳಗಿನ ಮಹಡಿಗೆ ಹೋದರು. ಮುದುಕಿಗೆ ಮಂಪರು ಹತ್ತಿತು. ಸೆಕೆಗೆ ಇಡೀ ವಾರ್ಡು ಕಣ್ಣು ಮುಚ್ಚಿತ್ತು. ನನಗೆ ಮಾತ್ರ ಕೂತಲ್ಲಿ ಮುಳ್ಳು. ಎದ್ದರೆ ನೌಕರಿ ಹೋಯಿತು ಎಂದು ಹಲ್ಲು ಕಚ್ಚಿ ಕೂತಿದ್ದೆ.

ಆಗ ಯಾರೋ ಕರೆದರು. "ತಂಗೀ, ಇಕಡೆ ಬಾ."

ಹೆಂಗಸಿನ ದನಿ. ನಡುವಯಸ್ಸಿನದು, ನಮ್ಮ ಕಡೆಯ ಮಾತು. ಹೆದರಿಕೆ ಇಲ್ಲ, ನೋವಿಲ್ಲ. ಅಡುಗೆಮನೆಯಿಂದ ಒಂದು ಕೈ ನೆರವಿಗೆ ಕರೆದ ಹಾಗೆ. ಸುತ್ತ ನೋಡಿದೆ. ಪಕ್ಕದ ಮಂಚದಲ್ಲಿ, ಗುಣವಾಗಿ ಎರಡು ದಿನದಲ್ಲಿ ಮನೆಗೆ ಹೊರಡಲಿದ್ದ ಮರಾಠಿ ಹೆಂಗಸೊಬ್ಬಳು ಎದ್ದು ಕೂತಿದ್ದಳು. ಯಾರಾದರೂ ಕರೆದರೇ ಎಂದು ಅವಳನ್ನು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ದನಿ, ಅದೇ ಮಾತು. ನನ್ನ ಅಂಗೈ ಬೆವತು ಮುದುಕಿಯ ಕೈ ಜಾರತೊಡಗಿತು. ಸಿಸ್ಟರ್ ಹೇಳಿದ್ದನ್ನು ಮನಸ್ಸಿನಲ್ಲಿಯೇ ಮತ್ತೆ ಮತ್ತೆ ಹೇಳಿಕೊಂಡು ಕೂತೆ.

ಆಮೇಲೆ ಹತ್ತಿರದ ಗಿರಣಿಯ ಭೋಂಗಾ ಕೂಗಿತು. ಪಾಳಿ ಬದಲಾಗುವಾಗ ಅದು ಕೂಗಿದರೆ ಕಿಟಕಿಯ ಗಾಜು ನಡುಗುತ್ತಿತ್ತು. ಪಕ್ಕದ ಮಂಚದವಳು ನನಗೆ ಏನೋ ಹೇಳಿದಳು. ತುಟಿ ಅಲ್ಲಾಡಿದ್ದು ಕಂಡಿತೇ ಹೊರತು ಮಾತು ಕೇಳಿಸಲಿಲ್ಲ. ಆ ಸದ್ದಿನ ನಡುವೆಯೇ ಸ್ಪಷ್ಟವಾಗಿ, ಕಿವಿಯ ಪಕ್ಕದಲ್ಲಿ ನಿಂತು ಹೇಳಿದ ಹಾಗೆ: "ಲಗೂನ ಬಾ, ತಂಗೀ."

ನಾನು ಎದ್ದುಬಿಟ್ಟೆ. ಮುದುಕಿಯ ಕೈಯನ್ನು ಪಕ್ಕದವಳ ಕೈಗೆ ಕೊಟ್ಟು, ಬಿಡಬೇಡವೆಂದು ಸನ್ನೆ ಮಾಡಿ ವರಾಂಡಕ್ಕೆ ಓಡಿದೆ. ಎಲ್ಲಿಗೆ ಹೋಗಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಆದರೂ ಕಾಲು ತಡವರಿಸಲಿಲ್ಲ. ವರಾಂಡದ ತುದಿಯ ಚಿಕ್ಕ ಕೋಣೆಯ ಬಾಗಿಲು ದೂಡಿದೆ.

ಒಳಗಿದ್ದವಳು ಸುಲೋಚನಾಬಾಯಿ ಎಂಬ ಕೊಂಕಣದ ಹೆಂಗಸು, ಗಿರಣಿ ಕಾರ್ಮಿಕನೊಬ್ಬನ ಹೆಂಡತಿ. ಬೆಳಿಗ್ಗೆಯಷ್ಟೇ ಕುತ್ತಿಗೆಯ ಗಂಟಿಗೆ ಆಪರೇಷನ್ ಆಗಿತ್ತು. ಪಟ್ಟಿಯ ಕೆಳಗೆ ಕುತ್ತಿಗೆ ಊದಿ ಬಿಗಿದುಕೊಂಡಿತ್ತು. ಮುಖ ಕಪ್ಪಿಟ್ಟಿತ್ತು. ಬಾಯಿ ತೆರೆದಿದ್ದರೂ ದನಿ ಇಲ್ಲ, ಎಳೆಯಷ್ಟು ಸಣ್ಣಗೆ ಉಸಿರು ಕೊಯ್ಯುವ ಸದ್ದು ಮಾತ್ರ. ಕೈಯಿಂದ ಚಾದರವನ್ನು ಬಡಿಯುತ್ತಿದ್ದಳು. ಅವಳನ್ನು ಎತ್ತಿ ಎದೆಗೊರಗಿಸಿ ಕೂರಿಸಿಕೊಂಡು, ಇದ್ದ ಬಲವನ್ನೆಲ್ಲ ಹಾಕಿ ಸಿಸ್ಟರನ್ನು ಕೂಗಿದೆ. ಭೋಂಗಾ ನಿಂತಿತ್ತು, ನನ್ನ ಪುಣ್ಯ. ಸಿಸ್ಟರ್ ಮೆಟ್ಟಿಲು ಹತ್ತಿ ಓಡಿಬಂದರು, ಹಿಂದೆಯೇ ಒಬ್ಬ ತರುಣ ಡಾಕ್ಟರು. ಅವರು ಥಿಯೇಟರಿಗೆ ಒಯ್ಯುವಷ್ಟೂ ಕಾಯದೆ ಮಂಚದ ಮೇಲೆಯೇ ಹೊಲಿಗೆ ಕತ್ತರಿಸಿದರು. ಒಳಗೆ ಕಟ್ಟಿಕೊಂಡಿದ್ದ ರಕ್ತ ಹೊರಬಿತ್ತು. ಸುಲೋಚನಾಬಾಯಿ ಒಂದು ದೊಡ್ಡ ಉಸಿರು ಎಳೆದುಕೊಂಡಳು. ಆ ಉಸಿರು ನನ್ನ ಎದೆಗೂ ತಾಗಿತು.

ಎಲ್ಲ ಮುಗಿದ ಮೇಲೆ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. ಮನೆಗೆ ಕಳಿಸಲಿಕ್ಕೇ ಎಂದುಕೊಂಡೆ.

"ನಿನಗೆ ಯಾರು ಹೇಳಿದ್ದು?"

"ಯಾರೋ ಕರದರ್ರಿ ಸಿಸ್ಟರ್. ಕನ್ನಡದಾಗ ಕರದರು."

"ಈ ಮಹಡಿಯಲ್ಲಿ ಕನ್ನಡದವರು ನಾನು, ನೀನು, ಇಬ್ಬರೇ. ನಾನು ಕೆಳಗೆ ಇದ್ದೆ." ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ, "ಹೋಗು, ಸೆರಗಿಗೆ ರಕ್ತ ಆಗಿದೆ, ತೊಳ್ಕೋ" ಎಂದರು. ಜಾಗ ಬಿಟ್ಟು ಎದ್ದದ್ದರ ಮಾತು ಮತ್ತೆ ಬರಲಿಲ್ಲ.

ಡಾಕ್ಟರು ನಕ್ಕು ಸಮಾಧಾನ ಹೇಳಿದರು. ಆಕೆಯ ಉಸಿರಿನ ಸಿಳ್ಳು ನಿನ್ನ ಕಿವಿಗೆ ಬಿದ್ದಿರಬೇಕು, ಮನಸ್ಸು ಅದಕ್ಕೆ ಮಾತು ಕೂಡಿಸಿತು, ಅಷ್ಟೇ ಎಂದರು. ನಾನೂ ಹಾಗೆಯೇ ನಂಬಲು ನೋಡಿದೆ. ಆದರೆ ಪಕ್ಕದವಳ ಮಾತನ್ನೇ ನುಂಗಿದ ಆ ಭೋಂಗಾದಲ್ಲಿ ವರಾಂಡದಾಚೆಯ ಉಸಿರು ಹೇಗೆ ಕೇಳಿಸೀತು? ಮನೆಯಲ್ಲಿ ವೈನಿ, "ನಿಮ್ಮವ್ವನ ಕರದಿರಬೇಕು ನೋಡ" ಎಂದು ದೇವರ ಮುಂದೆ ದೀಪ ಹಚ್ಚಿದಳು. ಅದೂ ಅಲ್ಲ. ಅವ್ವನ ದನಿ ನನಗೆ ಗೊತ್ತಿಲ್ಲವೇ? ಇದು ನಾನು ಮೊದಲೂ ಆಮೇಲೂ ಎಂದೂ ಕೇಳದ ದನಿ.

ಕೆಲವು ದಿನಗಳ ಬಳಿಕ ಸುಲೋಚನಾಬಾಯಿಗೆ ಮಾತು ಬಂತು, ಒಡಕು ದನಿಯಲ್ಲಿ. ತಲೆ ಬಾಚಿ ಕೊಡುತ್ತಿದ್ದಾಗ ನನ್ನ ಕೈ ಹಿಡಿದು ಮರಾಠಿಯಲ್ಲಿ ಹೇಳಿದಳು: "ಅವತ್ತು ನೀನು ಅಷ್ಟು ದೂರದಿಂದಲೇ ಕೂಗುತ್ತಿದ್ದೆಯಲ್ಲ, ಅದನ್ನೇ ಕೇಳುತ್ತ ಜೀವ ಹಿಡಿದುಕೊಂಡೆ ಪೋರಿ."

ಅವಳ ಕೋಣೆ ಮುಟ್ಟುವ ತನಕ ನಾನು ಕೂಗಿರಲಿಲ್ಲ. ಮುದುಕಿ ಎಚ್ಚರವಾದಾಳೆಂದು ಪಿಸುಮಾತು ಬಿಟ್ಟರೆ ಬಾಯಿಯನ್ನೇ ತೆರೆದಿರಲಿಲ್ಲ. ಓಡುವಾಗಲೂ ತುಟಿ ಬಿಚ್ಚಿರಲಿಲ್ಲ.

"ಏನಂತ ಕೂಗುತ್ತಿದ್ದೆ?" ಎಂದು ಕೇಳಿದೆ.

ಒಂದಕ್ಷರ ಕನ್ನಡ ಬಾರದ ಆ ಹೆಂಗಸು ನಮ್ಮ ಕಡೆಯವರು ಹೇಳುವ ಹಾಗೆಯೇ ಹೇಳಿದಳು: "ಬಂದ್ನಿ, ಬಂದ್ನಿ." ಆಮೇಲೆ ಕೇಳಿದಳು, "ಹಾಗಂದರೇನು?"

"ಆಲೇ, ಆಲೇ" ಎಂದು ಅವಳ ಭಾಷೆಯಲ್ಲಿ ಹೇಳಿದೆ.

"ಅದೇ ಇರಬೇಕು ಅಂದುಕೊಂಡಿದ್ದೆ" ಎಂದು ಅವಳು ನೆಮ್ಮದಿಯಿಂದ ಕಣ್ಣು ಮುಚ್ಚಿದಳು.

ಕೂಗಿದ್ದು ನಾನಲ್ಲವೆಂದು ಅವಳಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ. ನನ್ನನ್ನು ಕರೆದವರು ಯಾರು, ನನ್ನ ಪರವಾಗಿ ಓಗೊಟ್ಟವರು ಯಾರು, ನನಗೆ ಇವತ್ತಿಗೂ ತಿಳಿದಿಲ್ಲ.