ನನ್ನ ಗಾಲ್ಫ್ ಕೋಲುಗಳ ತಪಾಸಣೆ

ಗೆಳೆಯರೇ, ಇವತ್ತು ಗುದೈಬಿಯಾದ ನನ್ನ ಮನೆಯಲ್ಲೇ ನನ್ನ ಮಾನ ಹೋಯಿತು. ಬಹರೈನಿನಲ್ಲಿ ನಾವು ಗಾಲ್ಫ್ ಆಡುವುದು ಹುಲ್ಲಿನ ಮೇಲಲ್ಲ, ಮರಳಿನ ಮೇಲೆ. ಆ ಮರಳಿಗೆ ನನ್ನ ಕೋಲುಗಳೆಲ್ಲ ಸವೆದಿವೆ, ಹೊಸ ಸೆಟ್ ಬೇಕು ಎಂದು ತಿಂಗಳಿನಿಂದ ಹೆಂಡತಿಯ ತಲೆ ತಿನ್ನುತ್ತಿದ್ದೆ.

"ಸದಾನಂದ ಬಂದು ನೋಡಲಿ. ಅವ ಕೋಲು ಹಾಳಾಯ್ತು ಅಂದ್ರೆ ಅವತ್ತೇ ತಗೊಳ್ಳಿ" ಅಂದಿದ್ದಳು ಸುಮತಿ.

ಸದಾನಂದ ನಮ್ಮೂರಿನವನೇ. ಸೌದಿಗೆ ಕಟ್ಟುತ್ತಿರುವ ಸೇತುವೆಯ ಕೆಲಸದಲ್ಲಿ ಫಿಟ್ಟರ್. ಸವೆದ ಸ್ಪ್ಯಾನರ್ ನೋಡಿ ಅದನ್ನು ಹಿಡಿದವನ ಜಾತಕ ಹೇಳುವಂಥವನು. ಮಧ್ಯಾಹ್ನ ಊಟಕ್ಕೆ ಬಂದವನು ಕನ್ನಡಕ ಏರಿಸಿ ಒಂದೊಂದೇ ಕೋಲನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಅಡಿ ಪೂರಾ ಸವೆದಿದೆ ಮಾರಾಯ್ರೇ."

ನಾನು ಗೆದ್ದವನಂತೆ ಸುಮತಿಯ ಮುಖ ನೋಡಿದೆ.

"ಆದ್ರೆ ಚೆಂಡಿಗೆ ತಾಗುವ ಜಾಗ ಹೊಸತರ ಹಾಗೇ ಉಂಟಲ್ಲ! ನೀವು ಇಷ್ಟು ದಿನ ಹೊಡೆದದ್ದೆಲ್ಲ ನೆಲಕ್ಕಾ?"

ಸುಮತಿ ಅವನ ತಟ್ಟೆಗೆ ಇನ್ನೊಂದು ಮೀನು ಬಡಿಸಿದಳು. "ಮೊದಲು ಈ ಕೋಲು ಚೆಂಡಿಗೆ ತಾಗಲಿ. ಹೊಸತು ಮತ್ತೆ ನೋಡುವ."

ನಾಳೆ ಶುಕ್ರವಾರ, ಮ್ಯಾನೇಜರ್ ಜೊತೆ ಆಟವಿದೆ. ಯಾರ ಹತ್ತಿರವಾದರೂ ಒಳ್ಳೆಯ ಗುದ್ದಲಿ ಇದ್ದರೆ ತಿಳಿಸಿ.